ಠಾಣೆಯ ಬಾಗಿಲಲ್ಲಿ ಬರ್ನಡೈನ್

ಥೆಡ್ ಮಲಿನಾಕನ ಹಿತ್ತಲ ಶೆಡ್ಡು ಹೊತ್ತಿ ಉರಿದ ಮಧ್ಯಾಹ್ನ ಬರ್ನಡೈನ್ ಮೊದಲು ಮಾಡಿದ್ದು ಮಗಳ ಕೈ ಮೂಸಿ ನೋಡಿದ್ದು. ಆಮೇಲೆ ಕೋಟಿನ ಜೇಬುಗಳನ್ನು ತಡಕಿದಳು. ಕಡ್ಡಿಪೆಟ್ಟಿಗೆ ಇರಲಿಲ್ಲ, ಲೈಟರ್ ಇರಲಿಲ್ಲ. ಒದ್ದೆಯಾದ ಕೈಗವಸು, ಅರ್ಧ ತಿಂದ ಬಿಸ್ಕತ್ತು ಇದ್ದವು ಅಷ್ಟೆ. ಹನ್ನೊಂದು ವರ್ಷದ ಕೋರಾ ಎರಡೂ ಕಿವಿ ಮುಚ್ಚಿಕೊಂಡು ಕಿಟಕಿಗೆ ಹಣೆ ಒತ್ತಿ ನಿಂತಿದ್ದಳು. ಅವಳು ನೋಡುತ್ತಿದ್ದುದು ಬೆಂಕಿಯನ್ನಲ್ಲ, ಹಿತ್ತಲ ಓಣಿಯೊಳಗೆ ಹಿಮ್ಮುಖವಾಗಿ ಬರುತ್ತಿದ್ದ ಅಗ್ನಿಶಾಮಕದವರ ಕೆಂಪು ಬಂಡಿಯನ್ನು. ಮಗಳಿಗೆ ಬೆಂಕಿ ಆಗದೆಂದು ಗೊತ್ತಿದ್ದೂ ತಾನು ಜೇಬು ತಡಕಿದ್ದನ್ನು ಬರ್ನಡೈನ್ ಯಾರ ಮುಂದೂ ಬಾಯಿ ಬಿಡಲಿಲ್ಲ.

ಪೆನ್ಸಿಲ್ವೇನಿಯಾದ ಆ ಊರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಗಣಿಯವರು ಕಟ್ಟಿಸಿದ ಸಾಲುಮನೆಗಳು, ಎರಡು ಚರ್ಚು, ಒಂದು ಅಗ್ನಿಶಾಮಕ ಠಾಣೆ. ಒಂದು ಮನೆಯವರು ಕೆಮ್ಮಿದರೆ ಪಕ್ಕದ ಮನೆಯವರಿಗೆ ಕೇಳುವಷ್ಟು ತೆಳ್ಳಗಿನ ಗೋಡೆ. ಬರ್ನಡೈನಳ ಗೋಡೆಯ ಆಚೆಗಿದ್ದವನೇ ಥೆಡ್. ಅವಳು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುತ್ತಿದ್ದಳು. ಗಂಡ ಲಾರಿ ಓಡಿಸುತ್ತ ಹೋದವನು ಹೋದೇ ಹೋದ.

ಕೋರಾಳಿಗೆ ಆಟಿಸಂ ಇತ್ತು. ಆರು ತುಂಬುವ ತನಕ ಅವಳು ಮಾತೇ ಆಡಿರಲಿಲ್ಲ. ಒಂದು ದಿನ ಅಡುಗೆಮನೆಯ ಮೇಜಿನಡಿ ಕೂತು, ಠಾಣೆಯ ಕರೆಗಳನ್ನು ಹಿಡಿಯುವ ಮನೆಯ ರೇಡಿಯೋದ ದನಿಯನ್ನೇ ಎತ್ತಿಕೊಂಡು, "ಬಂಡಿ ಮೂವತ್ತೆರಡು ಹೊರಟಿದೆ" ಎಂದಳು. ಬರ್ನಡೈನ್ ತಟ್ಟೆ ಕೈಬಿಟ್ಟಳು. ಅಲ್ಲಿಂದ ಮುಂದೆ ಆ ಹುಡುಗಿಯ ಮಾತೆಲ್ಲ ಠಾಣೆಯ ಮಾತೇ. ಹಸಿವಾದರೆ "ಟ್ಯಾಂಕ್ ಖಾಲಿ", ಮಲಗುವಾಗ "ಬಂಡಿ ವಾಪಸ್". ಸೈರನ್ ಕೂಗಿದರೆ ಅವಳ ಕಿವಿಗೆ ಸೂಜಿ ಚುಚ್ಚಿದ ಹಾಗೆ ನೋವು. ಆದರೂ ಬಂಡಿ ನೋಡಲು ಕಣ್ಣಲ್ಲಿ ನೀರು ಸುರಿಸುತ್ತಲೇ ನಗುತ್ತ ಬೀದಿಗೆ ಓಡುತ್ತಿದ್ದಳು. ಬೆಂಕಿಯೆಂದರೆ ಮಾತ್ರ ಆಗದು. ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದ ಬತ್ತಿ ಹಚ್ಚಿದರೂ ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಠಾಣೆಯಲ್ಲಿ ಸಂಬಳದವರಿರಲಿಲ್ಲ, ಊರವರೇ ಕೈಜೋಡಿಸಿ ನಡೆಸುತ್ತಿದ್ದರು. ಮುಖ್ಯಸ್ಥ ಎಲ್‌ವುಡ್ ರೀಸ್ ಬರ್ನಡೈನಳ ಶಾಲೆಯ ಜೊತೆಗಾರ. ಅವನು ಕೋರಾಳ ಕೈಗೊಂದು ಬಟ್ಟೆ ಕೊಟ್ಟು ಬಂಡಿಯ ಚಕ್ರ ಒರೆಸಲು ಬಿಟ್ಟಿದ್ದ. ಠಾಣೆಯ ಹುಡುಗರು ಅವಳ ದನಿ ಅಣಕಿಸುತ್ತಿದ್ದರು, ಮೋಜಿಗೆಂದು ಹಾರ್ನ್ ಒತ್ತಿ ಅವಳು ಕುಸಿಯುವುದನ್ನು ನೋಡುತ್ತಿದ್ದರು. ಆದರೂ ಅವಳು ಶಾಲೆ ಬಿಟ್ಟೊಡನೆ ಅಲ್ಲಿಗೇ ಹೋಗುತ್ತಿದ್ದಳು.

ಶೆಡ್ಡಿನ ಬೆಂಕಿ ಆರುವ ಮೊದಲೇ ಥೆಡ್ ಓಣಿಯಲ್ಲಿ ನಿಂತು ಕೂಗಾಡತೊಡಗಿದ್ದ.

"ಅವಳೇ ಕಣ್ರೋ! ಆ ಹುಚ್ಚು ಹುಡುಗಿ! ಬಂಡಿ ಬರ್ಲಿ ಅಂತಾನೇ ಹಚ್ಚಿದಾಳೆ!"

"ಬಾಯಿ ಮುಚ್ಚು ಥೆಡ್," ಎಂದಳು ಬರ್ನಡೈನ್. "ನನ್ನ ಮಗಳು ಮನೇಲೇ ಇದ್ಲು."

"ನೀನು ನೋಡ್ಕೊಂಡು ಕೂತಿದ್ಯಾ? ನೀನು ಕೆಲಸದಿಂದ ಬಂದದ್ದೇ ಈಗ!"

ಸುತ್ತ ನಿಂತವರು ಯಾರೂ ಇಲ್ಲವೆನ್ನಲಿಲ್ಲ. ಶೀತವೆಂದು ಶಾಲೆಗೆ ಹೋಗದೆ ಹುಡುಗಿ ಅಂದು ಮನೆಯಲ್ಲಿ ಒಬ್ಬಳೇ ಇದ್ದದ್ದು ನಿಜ. ಸಂಜೆಯೊಳಗೆ ಊರು ತೀರ್ಪು ಕೊಟ್ಟು ಮುಗಿಸಿತ್ತು. ಮರುದಿನ ಅಂಗಡಿಯಲ್ಲಿ ಒಬ್ಬಳು ಬರ್ನಡೈನಳಿಗೆ ಕೇಳುವ ಹಾಗೆಯೇ ಅಂದಳು, "ಇಂಥವನ್ನ ಎಲ್ಲಾದ್ರೂ ಸೇರಿಸ್ಬೇಕಪ್ಪ. ಇವತ್ತು ಶೆಡ್ಡು, ನಾಳೆ ನಾವು ಮಲಗಿರೋ ಮನೆ."

ಬರ್ನಡೈನ್ ಹಾಲಿನ ಡಬ್ಬವನ್ನು ಅಲ್ಲೇ ಕುಕ್ಕಿ ಹೊರಬಂದಳು.

ಎಲ್‌ವುಡ್ ಮನೆಗೆ ಬಂದವನು ಒಳಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆ ನಿಂತು ಟೋಪಿಯ ಅಂಚು ತಿರುವುತ್ತಿದ್ದ.

"ಸ್ವಲ್ಪ ದಿನ ಅವಳನ್ನ ಠಾಣೆಗೆ ಕಳಿಸ್ಬೇಡ ಕಣೇ. ಹುಡುಗ್ರು ಬೇಡ ಅಂತಿದಾರೆ."

"ಹುಡುಗ್ರೋ, ನೀನೋ?"

"ವಿಚಾರಣೆ ಮುಗೀಲಿ ಅಂದೆ."

"ಐದು ವರ್ಷದಿಂದ ನಿನ್ನ ಕಣ್ಣೆದುರಿಗೇ ಇದಾಳೆ. ಒಂದು ಬತ್ತಿ ಕಂಡ್ರೆ ಓಡ್ತಾಳೆ ಅಂತ ನಿನಗೆ ಗೊತ್ತಿಲ್ವೇನೋ?"

"ನನಗೆ ಗೊತ್ತು ಬರ್ನಿ. ಊರಿಗೆ ಗೊತ್ತಿಲ್ವಲ್ಲ."

"ಹೇಳೋಕೆ ನಿನಗೆ ಬಾಯಿಲ್ವಾ?"

ಅವನು ಹಿಮ ತುಳಿಯುತ್ತ ಇಳಿದು ಹೋದ.

ಕೋರಾಳಿಗೆ ವಿಚಾರಣೆಯೂ ತಿಳಿಯದು, ಗುಮಾನಿಯೂ ತಿಳಿಯದು. ಶಾಲೆ ಬಿಟ್ಟಿತು, ಠಾಣೆಗೆ ಹೋಗಬೇಕು. ಹೋದಳು. ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದಳು, ಕೂಗಿದಳು, ಆಮೇಲೆ ಹಣೆ ಬಡಿಯತೊಡಗಿದಳು. ಒಳಗಿನಿಂದ ಯಾರೋ ಗಾಜಿಗೆ ಅಡ್ಡವಾಗಿ ಪರದೆ ಎಳೆದರು. ಸುದ್ದಿ ತಿಳಿದು ಬರ್ನಡೈನ್ ಓಡಿಬಂದಾಗ ಬಾಗಿಲ ಮೇಲೆ ರಕ್ತದ ಕಲೆಯಿತ್ತು.

ಅಂದು ಅವಳು ಮಗಳನ್ನು ತಬ್ಬಿ ಎತ್ತಿಕೊಂಡು ಹೋದಳು. ಮರುದಿನ ಮಡಚುವ ಕುರ್ಚಿ ತಂದು ಠಾಣೆಯೆದುರಿನ ಕಾಲುದಾರಿಯಲ್ಲಿ ಹಾಕಿಕೊಂಡು ಕೂತಳು. ಪಕ್ಕದಲ್ಲಿ ಕೋರಾ, ತಲೆಗೆ ಹಳೆಯ ಪ್ಲಾಸ್ಟಿಕ್ ಹೆಲ್ಮೆಟ್ಟು, ಹಣೆಗೆ ಪಟ್ಟಿ, ಮುಚ್ಚಿದ ಬಾಗಿಲ ಮೇಲೆ ಕಣ್ಣು. ಫೆಬ್ರವರಿಯ ಗಾಳಿ ಮುಖ ಸೀಳುತ್ತಿತ್ತು. ಕತ್ತಲಾಗುವ ತನಕ ತಾಯಿ ಮಗಳು ಅಲುಗಲಿಲ್ಲ. ದಿನವೂ ಅದೇ. ಒಳಗಿದ್ದವರು ಹಿಂದಿನ ಬಾಗಿಲಿನಿಂದ ಓಡಾಡತೊಡಗಿದರು. ಒಂದು ಕಾರಿನಿಂದ ಯಾರೋ ತಣ್ಣನೆ ಕಾಫಿ ಎರಚಿ, "ಕಡ್ಡಿಪೆಟ್ಟಿಗೆ ಬೇಕೇನೇ?" ಎಂದು ಕೂಗಿ ಹೋದರು. ಬರ್ನಡೈನ್ ಕೋಟಿನ ತೋಳಿನಿಂದ ಮಗಳ ಮುಖ ಒರೆಸಿದಳು. ಪಾದ್ರಿಯೂ ಬಂದ.

"ಇದು ಹಟ ಅಲ್ವಾ ಬರ್ನಡೈನ್?"

"ಹೌದು ಫಾದರ್. ನಿಮಗೂ ಕುರ್ಚಿ ತರಿಸ್ಲಾ?"

ಪಾದ್ರಿ ನಕ್ಕ ಹಾಗೆ ಮಾಡಿ ಹೊರಟುಹೋದ.

ಬೆಂಕಿಯ ಕಾರಣ ಹುಡುಕಲು ಹೊರಗಿನಿಂದ ಬಂದಿದ್ದ ಹೆಂಗಸಿಗೆ ಊರಿನ ತೀರ್ಪು ಬೇಕಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಅವಳಿಗೆ ಒಲೆಯ ಬೂದಿ ಸಿಕ್ಕಿತು. ಬೂದಿ ತುಂಬುವ ತಗಡಿನ ಡಬ್ಬ ಎಲ್ಲಿ ಎಂದು ಥೆಡ್‌ನನ್ನು ಕೇಳಿದಳು. ಅದು ತುಕ್ಕು ಹಿಡಿದು ತೂತಾಗಿತ್ತು, ಅವತ್ತು ಬೆಳಿಗ್ಗೆ ಕೆಂಡದ ಬೂದಿಯನ್ನು ರಟ್ಟಿನ ಪೆಟ್ಟಿಗೆಗೆ ಸುರಿದು ಶೆಡ್ಡಿನಲ್ಲಿಟ್ಟೆ ಎಂದು ಅವನು ಒಪ್ಪಿಕೊಂಡ. ಕೇಳಿದ್ದಕ್ಕೆ ಒಪ್ಪಿಕೊಂಡ, ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಎಲ್‌ವುಡ್ ಮುಂದಿನ ಬಾಗಿಲು ತೆಗೆದು ಕುರ್ಚಿಯ ಹತ್ತಿರ ಬಂದು ಇದನ್ನೆಲ್ಲ ಮೆಲುದನಿಯಲ್ಲಿ ಹೇಳಿದ.

"ಒಳಗೆ ಬಾ ಬರ್ನಿ. ಕಾಫಿ ಇದೆ."

"ಗಟ್ಟಿಯಾಗಿ ಹೇಳು. ಒಳಗಿರೋರಿಗೂ ಕೇಳ್ಲಿ."

"ಊರಿಗೆಲ್ಲ ತಾನಾಗೇ ಗೊತ್ತಾಗುತ್ತೆ ಬಿಡೇ."

"ಗೊತ್ತಾಗೋದು ಬೇರೆ, ನೀನು ಹೇಳೋದು ಬೇರೆ. ನನ್ನ ಮಗಳ ರಕ್ತ ಒರೆಸಿದ್ದು ಯಾರೋ ಆ ಬಾಗಿಲಿಂದ?"

ಇವರಿಬ್ಬರ ಜಗಳ ನಡೆಯುತ್ತಿದ್ದ ಹಾಗೆಯೇ ಕೋರಾ, ಬಾಗಿಲು ತೆರೆದದ್ದೇ ತಡ, ಇಬ್ಬರ ನಡುವೆ ನುಸುಳಿ ಒಳಗೆ ಹೋಗಿಬಿಟ್ಟಿದ್ದಳು. ಒರೆಸುವ ಬಟ್ಟೆ ಹುಡುಕಿ, ಬಂಡಿಯ ಚಕ್ರದ ಪಕ್ಕ ಮಂಡಿಯೂರಿದ್ದಳು. ಬರ್ನಡೈನಳಿಗೆ ಮಗಳ ಮೇಲೂ ಸಿಟ್ಟು ಬಂತು. ಇಷ್ಟು ಬೇಗ ಒಳಗೆ ಹೋಗಬೇಕಿತ್ತೇ? ಹೋಗಿ ಎಳೆದು ತರಲು ಹೊರಟವಳು ಹೊಸ್ತಿಲಲ್ಲೇ ನಿಂತಳು. ದಾಟಲಿಲ್ಲ.

ಆ ಸಂಜೆ ಥೆಡ್‌ನ ಬಾಗಿಲು ಬಡಿದಳು.

"ನನಗೆ ವಯಸ್ಸಾಯ್ತು ಕಣೇ, ಬೂದಿ ವಿಷಯ ಮರ್ತೇ ಹೋಗಿತ್ತು," ಎಂದ ಅವನು.

"ನಿನ್ನ ಮರೆವಿಗೆ ಒಂದು ಹೆಸರು ಬೇಕಿತ್ತು, ನನ್ನ ಮಗಳದು ಸಿಕ್ತು, ಅಲ್ವಾ?"

"ಆಯ್ತಲ್ಲ, ಈಗೇನು? ಸುಟ್ಟಿದ್ದು ನನ್ನ ಶೆಡ್ಡು!"

ಅವನು ಬಾಗಿಲು ಹಾಕಿಕೊಂಡ. ಅಲ್ಲಿಂದ ಮುಂದೆ ಒಂದೇ ಗೋಡೆಯ ಎರಡು ಕಡೆ ಇದ್ದುಕೊಂಡು ಅವರು ಮಾತಾಡಲಿಲ್ಲ. ಅಂಗಡಿಯ ಹೆಂಗಸು ಎದುರಾದಾಗ ಹವಾಮಾನದ ಮಾತು ತೆಗೆದಳು. ಬರ್ನಡೈನ್ ಅವಳ ಮುಖವನ್ನೇ ದಿಟ್ಟಿಸಿ ನೋಡಿ ಮುಂದೆ ನಡೆದಳು.

ಹದಿನಾಲ್ಕು ತುಂಬಿದ ಮೇಲೆ ಠಾಣೆಯ ಕಿರಿಯರ ಪಡೆಗೆ ಸೇರಬಹುದು. ಕೋರಾ ಸೇರಿದಳು. ಉರಿಯುವ ಮನೆಯ ಹತ್ತಿರ ಅವಳನ್ನು ಬಿಡುತ್ತಿರಲಿಲ್ಲ, ಅವಳಿಗೂ ಅದು ಬೇಕಿರಲಿಲ್ಲ. ನೀರಿನ ಪೈಪು ತೊಳೆದು ಒಣಗಿಸುವುದು, ಹಿಮ ಬಿದ್ದಾಗ ಪೈಪು ಜೋಡಿಸುವ ಬೀದಿಬದಿಯ ನೀರಿನ ಕಂಬಗಳನ್ನು ಬಗೆದು ತೆಗೆಯುವುದು ಅವಳ ಕೆಲಸ. ಹಾರ್ನ್ ಒತ್ತುತ್ತಿದ್ದ ಹುಡುಗರಲ್ಲಿ ಇಬ್ಬರು ಊರು ಬಿಟ್ಟಿದ್ದರು. ಉಳಿದವರು ಅವಳನ್ನು ಪ್ರೀತಿಸಿದರೆಂದೇನಲ್ಲ, ಅವಳಿಗೆ ಒಗ್ಗಿಕೊಂಡರು.

ಸಮವಸ್ತ್ರ ಕೊಡುವ ದಿನ ಠಾಣೆಯಲ್ಲಿ ಊರೆಲ್ಲ ಸೇರಿತ್ತು. ಆ ಜಗಳದ ನಂತರ ಬರ್ನಡೈನ್ ಅಂದು ಮೊದಲ ಸಲ ಹೊಸ್ತಿಲು ದಾಟಿ ಹಿಂದಿನ ಸಾಲಿನಲ್ಲಿ ನಿಂತಳು. ಎಲ್‌ವುಡ್ ಗಂಟಲು ಸರಿಮಾಡಿಕೊಂಡು ಭಾಷಣ ಮಾಡಿದ. "ನಮ್ಮ ಕೋರಾ. ಮೊದಲ ದಿನದಿಂದ್ಲೂ ಈ ಊರು ಅವಳ ಬೆನ್ನಿಗೆ ನಿಂತಿತ್ತು..."

"ಸುಳ್ಳು," ಎಂದಳು ಬರ್ನಡೈನ್.

ಎಲ್ಲರೂ ತಿರುಗಿ ನೋಡಿದರು. ಎಲ್‌ವುಡ್‌ನ ಕಿವಿ ಕೆಂಪಾಯಿತು. ಬರ್ನಡೈನ್ ಯಾರ ನೋಟಕ್ಕೂ ತಲೆ ತಗ್ಗಿಸಲಿಲ್ಲ. ಮುಂದೆ ನಿಂತಿದ್ದ ಕೋರಾ ಒಬ್ಬಳು ಮಾತ್ರ ತಿರುಗಿ ನೋಡಲಿಲ್ಲ. ಅವಳು ದಪ್ಪ ಕೋಟಿನ ಕೊಕ್ಕೆಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿಕೊಳ್ಳುತ್ತಿದ್ದಳು.