ಐವತ್ತರ ಕೇಕು

ರೈಟ್ ಮಾಮ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತೀರಿಕೊಂಡರು. ಎದುರು ಮನೆಯ ನರ್ಸಮ್ಮನ ಮೆಟ್ಟಿಲ ಮೇಲೆ. ಆರು ವರ್ಷ ಆ ಮೆಟ್ಟಿಲು ತುಳಿಯದವರು ಅಂದು ಯಾಕೆ ಹೋದರು ಎಂದು ಬೀದಿಯವರು ಕೇಳುತ್ತಿದ್ದಾರೆ. ಜಗಳಕ್ಕೆ ಎನ್ನುವವರೇ ಹೆಚ್ಚು. ಜಗಳಕ್ಕಲ್ಲ.

ಅವರು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ‘ರೈಟ್’ ಎಂದು ಕೂಗಿ ಕೂಗಿ ಆ ಹೆಸರೇ ಅಂಟಿಕೊಂಡಿತ್ತು. ಹುಟ್ಟಿದಾಗ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಅಷ್ಟು ವರ್ಷ ಅವರನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ್ದು ಬಿಸಿಲೂ ಅಲ್ಲ, ಗುಂಡಿ ಬಿದ್ದ ರಸ್ತೆಯೂ ಅಲ್ಲ, ಚಿಲ್ಲರೆ. ಹಾಗಾಗಿ ನಿವೃತ್ತರಾದ ಮೇಲೆ ಮನೆಯಲ್ಲೇ ಬೆಣ್ಣೆ ಕೇಕ್ ಮಾಡಿ ಮಾರಲು ಹೊರಟಾಗ ಅವರು ಇಟ್ಟ ಬೆಲೆ ಐವತ್ತು. ಒಂದು ನೋಟು, ಒಂದು ಕೇಕು.

“ಹಿಟ್ಟು, ಬೆಣ್ಣೆ, ಮೊಟ್ಟೆ ಎಲ್ಲ ಸೇರಿ ಎಷ್ಟು ಬೀಳುತ್ತೆ ಅಂತ ನೋಡಿದ್ಯೇನೋ?” ಎಂದು ಪಕ್ಕದ ಅಂಗಡಿಯ ದರ್ಜಿ ಕೇಳಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

“ನೋಟು ನೋಡಿದೆ. ಸಾಕು.”

ಮೂರು ತಿಂಗಳಿಗೆ ನರ್ಸಮ್ಮನೂ ಕೇಕ್ ಮಾಡಲು ಶುರು ಮಾಡಿದರು. ಗೇಟಿಗೆ ಹಲಗೆ ತೂಗುಹಾಕಿದರು: ಐವತ್ತಮೂರು. ರೈಟ್ ಮಾಮ ನಕ್ಕರು. ಮೂರು ಎಂದರೆ ಚಿಲ್ಲರೆ, ಚಿಲ್ಲರೆ ಎಂದರೆ ಗಲಾಟೆ, ಒಂದು ವಾರದಲ್ಲಿ ಹಲಗೆ ಇಳಿಯುತ್ತದೆ. ಹಲಗೆ ಇಳಿಯಲಿಲ್ಲ. ಬೆಣ್ಣೆಯ ಬೆಲೆ ಏರಿದಾಗ ಅದು ಐವತ್ತೆಂಟಾಯಿತು, ಆಮೇಲೆ ಅರವತ್ತನಾಲ್ಕು, ಕೊನೆಗೆ ಅರವತ್ತೇಳು. ಜನ ಗೊಣಗದೆ ಕೊಟ್ಟರು.

ರೈಟ್ ಮಾಮನ ಬೆಲೆ ಐವತ್ತು ಬಿಟ್ಟು ಕದಲಲಿಲ್ಲ. ಬೆಣ್ಣೆ ಏರಿದಾಗಲೆಲ್ಲ ಅವರು ಕೇಕಿನ ಅಚ್ಚನ್ನು ತಗಡಿನ ಕೆಲಸದವನ ಬಳಿ ಒಯ್ದು ಒಂದು ಬೆರಳಿನಷ್ಟು ಉದ್ದ ಕತ್ತರಿಸಿ ಬೆಸುಗೆ ಹಾಕಿಸಿಕೊಂಡು ಬರುತ್ತಿದ್ದರು. ಯಾರ ಕಣ್ಣಿಗೂ ಬೀಳಲಿಲ್ಲ ಎಂದು ನಂಬಿದ್ದರು. ಆದರೂ ಸಂಜೆಯಾದರೆ ಸಾಲು ಎದುರುಗಡೆಯೇ. ಕಿಟಕಿಯ ಪರದೆ ಸರಿಸಿ ಅವರು ತಲೆ ಎಣಿಸುತ್ತಿದ್ದರು.

“ಹನ್ನೆರಡು. ಅದರಲ್ಲಿ ಮೂರು ಜನ ನಮ್ಮ ಹಳೇ ಗಿರಾಕಿಗಳು.”

“ಏನ್ರೀ, ಅವರ ಬಸ್ಸಿಗೂ ನೀವೇ ಕಂಡಕ್ಟರಾ?” ಎನ್ನುತ್ತಿದ್ದರು ಹೆಂಡತಿ.

ಹೊಟ್ಟೆಕಿಚ್ಚು ಎಂದರೆ ಅವರು ಒಪ್ಪುತ್ತಿರಲಿಲ್ಲ. ನರ್ಸಮ್ಮ ಸಕ್ಕರೆ ಸುರಿಯುತ್ತಾಳೆ, ಸೋಡಾಪುಡಿಯಲ್ಲಿ ಉಬ್ಬಿಸುತ್ತಾಳೆ, ನಗುನಗುತ್ತಾ ಮಾತಾಡಿ ಜನರನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಕಲಿತ ನಗು ಅದು. ಹೀಗೇ ಹೇಳುತ್ತಾ, ಸಾಯುವ ಹಿಂದಿನ ವಾರ ಒಂದು ದಿನ ದರ್ಜಿಯ ಅಂಗಡಿಗೆ ಬಂದವರು ಹೊಲಿಗೆ ಯಂತ್ರದ ಪಕ್ಕ ನೋಡಿದರು. ನೀಲಿ ದಾರ ಕಟ್ಟಿದ ಪೊಟ್ಟಣ. ಬೀದಿಯಲ್ಲಿ ನೀಲಿ ದಾರ ಕಟ್ಟುವವರು ಒಬ್ಬರೇ.

“ನೀನೂನಾ?”

ದರ್ಜಿ ಕಾಲು ತೆಗೆದ, ಯಂತ್ರ ನಿಂತಿತು. ಸುಳ್ಳು ಹೇಳಬಹುದಿತ್ತು. “ಮನೇಲಿ ಐದು ಜನ ಇದೀವಿ ಕಣೋ. ನಿನ್ನ ಕೇಕು ಈಗ ನಾಲ್ಕೇ ತುಂಡಾಗುತ್ತೆ.”

ರೈಟ್ ಮಾಮ ಪೊಟ್ಟಣ ಎತ್ತಿಕೊಂಡು ಮನೆಗೆ ನಡೆದರು. ದರ್ಜಿ ಹಿಂದೆಯೇ ಹೋದ. ಅಡುಗೆಮನೆಯಲ್ಲಿ ದಾರ ಬಿಚ್ಚಿ ನರ್ಸಮ್ಮನ ಕೇಕನ್ನು ತಮ್ಮ ಅಚ್ಚಿನೊಳಗೆ ಕೂರಿಸಲು ನೋಡಿದರು. ಕೂರಲಿಲ್ಲ. ಮೂರು ಬೆರಳು ಹೊರಗೆ ಉಳಿಯಿತು. ಮೊದಲ ಹಲಗೆಯ ದಿನದಿಂದ ಆಕೆ ಉದ್ದವನ್ನು ಮುಟ್ಟಿರಲಿಲ್ಲ.

“ಪೂರ್ತಿ ಟಿಕೆಟ್ ಹರಿದು ಮೂರು ಸ್ಟಾಪ್ ಮುಂಚೆ ಇಳಿಸಿದ ಹಾಗಾಯ್ತಲ್ಲೋ,” ಎಂದ ದರ್ಜಿ. ತಮಾಷೆಗೆ ಅಂದದ್ದು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ರೈಟ್ ಮಾಮ ಒಂದು ತುಂಡು ಕತ್ತರಿಸಿ ತಿಂದರು. “ಸಕ್ಕರೆ ಜಾಸ್ತಿ,” ಎಂದರು. ಇನ್ನೊಂದು ತುಂಡು ತಿಂದರು.

ಮಾರನೆಯ ದಿನ ಹಳೆಯ ಅಳತೆಯ ಅಚ್ಚು ಮಾಡಿಸಿದರು. ಭಾನುವಾರ ಮಧ್ಯಾಹ್ನ ದರ್ಜಿಯನ್ನು ಕೂರಿಸಿಕೊಂಡು ಮೊದಲ ಬಾರಿಗೆ ಬೆಲೆ ಲೆಕ್ಕ ಹಾಕಿದರು. ಹಿಟ್ಟು, ಬೆಣ್ಣೆ, ಮೊಟ್ಟೆ, ಗ್ಯಾಸು, ಕಾಗದ.

“ಕೂಲಿ?” ಎಂದ ದರ್ಜಿ.

“ನಂದೇ ಕೈ, ನಂಗೇ ಕೂಲಿನಾ?”

“ಬಟ್ಟೆ ನಿಮ್ದೇ, ದಾರದ ದುಡ್ಡು ಕೊಟ್ಟು ಹೋಗಿ ಅಂತ ನಾನು ಕೂತ್ರೆ ನನ್ನ ಮನೆ ನಡೆಯುತ್ತಾ? ಬರಿ.”

ಬರೆದರು. ಅರವತ್ತೊಂಬತ್ತು ಬಂತು. ಮತ್ತೆ ಕೂಡಿಸಿದರು. ಅಷ್ಟೇ ಬಂತು.

“ಆಕೆಗೆ ಮಾತ್ರ ಅರವತ್ತೇಳಕ್ಕೆ ಹೇಗೆ ಗಿಟ್ಟುತ್ತೆ? ಮೊಟ್ಟೆ ಎಲ್ಲಿಂದ ತರ್ತಾಳೆ?”

“ಎದುರಲ್ಲೇ ಇದಾರೆ, ಕೇಳಿ ಬನ್ನಿ,” ಎಂದರು ಹೆಂಡತಿ.

“ಸತ್ತರೂ ಆ ಮೆಟ್ಟಿಲು ಹತ್ತಲ್ಲ.”

ಎರಡು ಕಡಿಮೆ ಮಾಡಿ ಸಮ ಮಾಡೋಣವೆಂದರೆ ಅಚ್ಚು ಕತ್ತರಿಸಬೇಕು; ಅದು ಮುಗಿದ ಮಾತು. ಪೆಟ್ಟಿಗೆಯ ತಳದಿಂದ ಕಂಡಕ್ಟರ್ ಕಾಲದ ಚರ್ಮದ ಚೀಲ ತೆಗೆದು, ಒರೆಸಿ, ಚಿಲ್ಲರೆ ತುಂಬಿಸಿ, ಮಂಗಳವಾರ ಬೆಳಿಗ್ಗೆ ಹೆಗಲಿಗೆ ಹಾಕಿಕೊಂಡೇ ಬಾಗಿಲಿಗೆ ಹಲಗೆ ಹಾಕಿದರು: ಅರವತ್ತೊಂಬತ್ತು. ಒಂದು ಗಂಟೆ ಯಾರೂ ಬರಲಿಲ್ಲ. ಆಮೇಲೆ ರಸ್ತೆ ದಾಟಿ ಬಂದದ್ದು ನರ್ಸಮ್ಮ.

“ಒಂದು ಕೊಡಿ ಅಣ್ಣ. ಮೂರು ವರ್ಷದಿಂದ ಕಾಯ್ತಿದ್ದೆ, ಯಾವಾಗ ಉದ್ದ ಮಾಡ್ತೀರಿ ಅಂತ.”

ಐವತ್ತರ ನೋಟಿನ ಮೇಲೆ ಇಪ್ಪತ್ತರದ್ದೊಂದು ಇಟ್ಟು, ಅವರು ಚೀಲಕ್ಕೆ ಕೈ ಹಾಕುವಷ್ಟರಲ್ಲಿ, “ಇರಲಿ ಬಿಡಿ,” ಎಂದು ಹೊರಟೇಬಿಟ್ಟರು.

ಇರಲಿ ಬಿಡಿ. ಬೇರೆ ಯಾರು ಅಂದಿದ್ದರೂ ಸಹಿಸುತ್ತಿದ್ದರೇನೋ. ಆಕೆಯ ಒಂದು ನಾಣ್ಯದ ಋಣ ಅವರಿಗೆ ಬೇಡವಾಗಿತ್ತು. ಮುಖ ಬೆವರಿತ್ತು, ಎಡಗೈ ಎದೆಯ ಮೇಲಿತ್ತು. ದರ್ಜಿ “ಎಲ್ಲಿಗೋ, ನಿಲ್ಲೋ” ಎನ್ನುತ್ತಿರುವಾಗಲೇ ರಸ್ತೆ ದಾಟಿದರು, ಒಂದು ಮೆಟ್ಟಿಲು ಹತ್ತಿದರು, ಎರಡು ಹತ್ತಿದರು. ಬಾಗಿಲು ತೆಗೆದ ನರ್ಸಮ್ಮನ ಅಂಗೈಯಲ್ಲಿ ಒಂದರ ನಾಣ್ಯ ಇಟ್ಟು, “ಎಣಿಸ್ಕೊಳ್ಳಿ,” ಎಂದರು.