ಉಪ್ಮಾದ ವ್ಯಾಕರಣ

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯಿಂದ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ ಸಂಜೆ ಹೊತ್ತು ಹಿಂದಿ ಪಾಠ ಹೇಳುತ್ತಿದ್ದೆ. ಅವತ್ತು ಸಂಸ್ಕೃತದಿಂದ ಹಿಂದಿಗೆ ಬಂದ ‘ಉಪ’ ಅನ್ನೋ ಉಪಸರ್ಗದ ಸರದಿ. ಪದದ ಮೊದಲಿಗೆ ಅದು ಸೇರಿದರೆ ‘ಹತ್ತಿರ’ ಅಂತಲೂ ಆಗುತ್ತದೆ, ‘ಎರಡನೆಯ’ ಅಂತಲೂ ಆಗುತ್ತದೆ ಅಂದೆ. ಉಪಾಧ್ಯಕ್ಷನ ಉದಾಹರಣೆ ಕೊಟ್ಟೆ. ನೀವೊಂದು ಹೇಳಿ ಅಂದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಉಪ್ಮಾ, ಸಾರ್.”

ಎಲ್ಲರೂ ನಕ್ಕರು, ನಾನೂ ನಕ್ಕೆ. “ಅದು ಉಪ್ಪಿಟ್ಟು, ತಂಗಿ. ಅದಕ್ಕೆಲ್ಲಿ ಉಪಸರ್ಗ?”

ಅವಳು ಮಾತ್ರ ನಗಲಿಲ್ಲ. “ಹಿಂದಿಯೊಳಗ ಮಾ ಅಂದ್ರ ಅವ್ವ ಅಲ್ಲೇನ್ರಿ? ನಮ್ಮವ್ವ ಸತ್ತ ಮ್ಯಾಲೆ ಅಪ್ಪ ಆದೋನಿಯಾಕೀನ ಮದುವಿ ಆಗ್ಯಾನ್ರೀ. ಆಕೀಗಿ ಅವ್ವ ಅನ್ನಾಕ ಬಾಯಿ ಬರವಲ್ದು. ಎರಡನೇ ಅವ್ವಗ ಉಪ್ಮಾ ಅಂದ್ರ ತಪ್ಪೇನ್ರಿ?”

ವ್ಯಾಕರಣದ ಪ್ರಕಾರ ತಪ್ಪಿಲ್ಲ ಅಂದೆ.

ಕೆಲವು ದಿನ ಕಳೆದ ಮೇಲೆ ಆ ಆದೋನಿಯ ತಾಯಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹಿಡಿದಳು. “ಹುಡುಗಿ ನನಗ ಉಪ್ಮಾ ಅಂತ ಕರೀತೈತ್ರೀ ಸಾರ್. ದಿನಾ ಅದನ್ನ ಮಾಡಿ ಹಾಕ್ತೀನಂತ ಅಣಕಿಸ್ತೈತೋ ಏನೋ. ಕೇಳಿದ್ರ, ಹಿಂದಿ ಅಂತೈತಿ. ಹಂಗಂದ್ರ ಏನ್ರಿ?”

‘ಉಪ’ದ ಎರಡು ಅರ್ಥಗಳಲ್ಲಿ ಒಂದನ್ನು ನುಂಗಿಕೊಂಡೆ. “ಹತ್ತಿರದ ಅವ್ವ ಅಂತ,” ಅಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನದಿಂದ ಹುಡುಗಿಯ ಕೈಯಲ್ಲಿ ನನಗೂ ಒಂದು ಡಬ್ಬಿ ಉಪ್ಪಿಟ್ಟು ಬರತೊಡಗಿತು. ಉಪ್ಪಿಟ್ಟು ಕಂಡರೆ ನನಗಾಗದು. ಆದರೆ ಅದಕ್ಕೆ ವ್ಯಾಕರಣದ ಒಪ್ಪಿಗೆ ಕೊಟ್ಟವನೇ ನಾನು. ಬೇಡ ಅಂತ ಯಾವ ಬಾಯಿಂದ ಹೇಳಲಿ?