ಜೀನಿಗೆ ಗಂಟು ಹಾಕಿದ ಹಗ್ಗ

ಆರ್ಫಾ ಟ್ಯಾಕೆಟ್‌ಳನ್ನು ಮಣ್ಣು ಮಾಡುವ ದಿನ, ಹೊಸ ಪಾದ್ರಿಗಳು ನನ್ನನ್ನು ಕೇಳಿದರು, “ಒಳ್ಳೆ ಹೆಂಗಸಾ?” “ಒಳ್ಳೆಯವ್ರೆಲ್ಲ ನೆಬ್ರಾಸ್ಕಾದ ಮೊದಲ್ನೇ ಚಳಿಗೇ ಗಾಡಿ ತಿರುಗಿಸ್ಕೊಂಡು ಹೋದ್ರು, ಅಯ್ಯನವರೇ,” ಎಂದೆ. ನಾನು ಹೊಳೆಯಾಚೆಯ ನೆರೆಯವನು. ಕಣ್ಣಾರೆ ಕಂಡಿದ್ದನ್ನು ಹೇಳುತ್ತೇನೆ.

ನಾವು ಬಂದ ಕಾಲಕ್ಕೆ ಇಲ್ಲಿ ಊರಿರಲಿಲ್ಲ, ರೈಲಿರಲಿಲ್ಲ. ಸರ್ಕಾರ ತೋರಿಸಿದ ಜಮೀನಿನಲ್ಲಿ ಮನೆ ಕಟ್ಟಿ ಐದು ವರ್ಷ ಬಾಳಿದರೆ ಅದು ನಿಮ್ಮದು. ಮನೆ ಹೋದರೆ ಜಮೀನೂ ಹೋಯಿತು. ಆರ್ಫಾಳ ಗಂಡ ಲಿಯಾಂಡರ್ ಹೊಳೆದಂಡೆಯಲ್ಲಿ ದಿಮ್ಮಿಗಳ ಮೇಲೆ ಒಂದು ಕೋಣೆಯ ಹಲಗೆಮನೆ ಕೂರಿಸಿದ್ದ. ಆ ನೀರಿಗೆ ದನದ ಹಿಂಡು ಬಿಡುತ್ತಿದ್ದ ಸಾಹುಕಾರನಿಗೆ ಅದು ಕಣ್ಣಿಗೆ ಬಿದ್ದ ಕಸ.

ಸಾಹುಕಾರನ ಸವಾರರ ಮುಖಂಡ ರೂಫ್ ಗ್ಯಾಂಟ್ರಿ, ಟೆಕ್ಸಾಸಿನವನು. ಬೇರೆ ಕಡೆಯ ಸವಾರರು ದನ ಹಿಡಿಯುವ ಹಗ್ಗವನ್ನು ಜೀನಿನ ಮುಂದಿನ ಕೊಂಬಿಗೆ ಬರೀ ಸುತ್ತಿ ಹಿಡಿಯುತ್ತಾರೆ, ಬೇಕೆಂದಾಗ ಬಿಡಬಹುದು. ಟೆಕ್ಸಾಸಿನವರು ಗಂಟೇ ಹಾಕುತ್ತಾರೆ. ಹಗ್ಗ ಬಿಟ್ಟರೆ ಮಾನ ಹೋಗುತ್ತದಂತೆ. ಮಾನವಂತೆ, ಮಣ್ಣಂತೆ!

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಲಿಯಾಂಡರ್ ಜ್ವರದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಗ್ಯಾಂಟ್ರಿಯೂ ಇನ್ನೊಬ್ಬ ಸವಾರನೂ ಬಂದು ಮನೆಯ ಮೂಲೆಗಳಿಗೆ ಹಗ್ಗ ಬಿಗಿದು, ದಂಡೆಯುದ್ದಕ್ಕೂ ಎಳೆಯತೊಡಗಿದರು. ಅವಳ ಜಮೀನಿನ ಗಡಿಯಾಚೆ ಬಿಸಾಡುವ ಹಂಚಿಕೆ. ಸೌದೆ ಒಡೆಯುತ್ತಿದ್ದ ಆರ್ಫಾ ಕೊಡಲಿ ಸಮೇತ ಓಡಿಬಂದಳು. ಗ್ಯಾಂಟ್ರಿ ಚಾವಟಿಯಿಂದ ಮುಖಕ್ಕೆ ಬಾರಿಸಿದ, ಕೆನ್ನೆ ಸೀಳಿತು. ನಾನು ಆಚೆ ದಂಡೆಯಲ್ಲಿ ಕೂಗಾಡುತ್ತಿದ್ದೆ. ತುಂಬಿದ ಹೊಳೆ ದಾಟುವಂತಿರಲಿಲ್ಲ.

“ನನ್ ಗಂಡ ಒಳಗಿದಾನೆ ಕಣೋ! ದಂಡೆ ಕುಸೀತದೆ, ಹಗ್ಗ ಬಿಡೋ!”

“ಟೆಕ್ಸಾಸಿನವ್ನು ಹಗ್ಗ ಬಿಡೋದು ಗೋರಿಗೆ ಹೋದ್ಮೇಲೇ, ತಾಯಿ. ನಿನ್ ಗಂಡಂಗೆ ಪುಕ್ಕಟೆ ಸವಾರಿ, ಮಜಾ ಮಾಡ್ಲಿ!”

ಹಿಮ ಕರಗಿ ನೆನೆದಿದ್ದ ದಂಡೆ ಕುಸಿಯಿತು. ಮನೆ ವಾಲಿ ಹೊಳೆಯತ್ತ ಜಾರಿತು. ಇನ್ನೊಬ್ಬ ಹಗ್ಗ ಬಿಟ್ಟು ಪರಾರಿಯಾದ. ಗ್ಯಾಂಟ್ರಿಯ ಕುದುರೆ ಉರುಳಿ, ಅವನ ಕಾಲನ್ನು ಅಡಿಗೆ ಹಾಕಿಕೊಂಡು ಅಂಚಿನತನಕ ಜಾರಿ, ಒಂದು ಮರದ ಬೊಡ್ಡೆಗೆ ಸಿಕ್ಕಿ ನಿಂತಿತು. ಅದರ ಕತ್ತು ಮುರಿದಿತ್ತು. ಅದರ ಜೀನಿಗೆ ಗಂಟು ಹಾಕಿದ್ದ ಆ ಒಂದೇ ಹಗ್ಗದಲ್ಲಿ ಮನೆ ನೀರಿನ ಮೇಲೆ ತೂಗುತ್ತಿತ್ತು.

ಗ್ಯಾಂಟ್ರಿ ಚೀರುತ್ತ ಸೊಂಟದ ಚಾಕು ಎಳೆದು ಹಗ್ಗಕ್ಕೆ ಹಾಕಿದ.

“ಈಗ ಬಿಡ್ತೀಯೇನೋ?” ಎಂದಳು ಆರ್ಫಾ. “ಬಿಡಬ್ಯಾಡ ರೂಫ್. ಬ್ಯಾಡ ಅಂದೆ!”

ಅವನು ಕುಯ್ಯುತ್ತಲೇ ಇದ್ದ. ಕೊಡಲಿ ಒಂದೇ ಸಲ ಬಿತ್ತು. ಚಾಕು ಹಿಡಿದ ಬಲಗೈ ಮಣಿಕಟ್ಟಿನಿಂದ ಕಳಚಿ ಕೆಸರಿಗೆ ಬಿತ್ತು. ಆ ಕೂಗು ನನಗಿನ್ನೂ ಕೇಳಿಸುತ್ತದೆ. ಅವಳು ತಿರುಗಿಯೂ ನೋಡದೆ ದಂಡೆ ಕಡೆಯ ಕಿಟಕಿ ಒಡೆದು ಗಂಡನನ್ನು ಹೊರಗೆಳೆದಳು. ಆಮೇಲೆ ಬಂದು ಅದೇ ಕೊಡಲಿಯಿಂದ ಹಗ್ಗ ಕಡಿದಳು. ಮನೆ ಹೊಳೆಯ ಪಾಲಾಯಿತು. ಲಂಗ ಹರಿದು ಗ್ಯಾಂಟ್ರಿಯ ಮೊಂಡುಗೈಗೆ ಬಿಗಿದು ಕಟ್ಟಿದವಳೂ ಅವಳೇ.

ನೀರಿಳಿದ ಕೂಡಲೇ ನಾವೆಲ್ಲ ಸೇರಿ ಹುಲ್ಲುಬೇರು ಕಚ್ಚಿದ ಮಣ್ಣಹೆಂಟೆಗಳಿಂದ ಮನೆ ಎಬ್ಬಿಸಿಕೊಟ್ಟೆವು. ಲಿಯಾಂಡರ್ ಬದುಕಿದ. ಜಮೀನೂ ಉಳಿಯಿತು.

ರೈಲು ಬಂತು, ಊರು ಬೆಳೆಯಿತು. ಕೈಯಿಲ್ಲದ ಗ್ಯಾಂಟ್ರಿಯನ್ನು ಸಾಹುಕಾರ ಎಂದೋ ಓಡಿಸಿದ್ದ. ಅವನು ಮರದಂಗಡಿಯ ಗಾಡಿ ಹೊಡೆಯುತ್ತಿದ್ದ. ಆರ್ಫಾ ಹೊಸ ಮನೆ ಕಟ್ಟಿಸುವಾಗ ಹಲಗೆ ತಂದವನು ಅವನೇ. ಇಳಿಸೋದಕ್ಕೆ ನಾನೂ ಕೈಹಾಕಿದೆ. ಗಾಡಿ ಬರಿದಾದ ಮೇಲೆ ಅವಳು ನಮ್ಮಿಬ್ಬರಿಗೂ ಕಾಫಿ ತಂದಿಟ್ಟಳು. ಅವನ ಕಪ್ಪಿನ ಹಿಡಿಯನ್ನು ಎಡಗೈ ಕಡೆಗೆ ತಿರುಗಿಸಿಟ್ಟಿದ್ದಳು. ಅವನು ಪೂರ್ತಿ ಕುಡಿದ. ನನ್ನದು ಅಲ್ಲೇ ಆರಿಹೋಯಿತು.